ಅಕ್ಕನಿಗೆ ಒಂದೇ ಸಾಲು

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡು ವಿಚಾರಣೆ ಕಿಟಕಿಯ ಹತ್ತಿರ ಅಳುತ್ತಾ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಹರೆಯದಲ್ಲಿ ಸೇರಿದವಳು ಕೂದಲು ನರೆಯುವ ತನಕ ಅದನ್ನೇ ಮಾಡಿದಳು. ಊರಿನ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಆಮೇಲೆ ಒಂದು ಯಂತ್ರ ಬಂತು. ಅದಕ್ಕೆ ನೆಗಡಿಯಾಗುವುದಿಲ್ಲ, ರಜೆ ಬೇಕಿಲ್ಲ. ಮೈಕಮ್ಮನನ್ನು ಪಾರ್ಸೆಲ್ ಕೌಂಟರಿಗೆ ಹಾಕಿದರು. ಅಲ್ಲಿ ಮಾತಿಗೆ ಕೆಲಸವೇ ಇಲ್ಲ. ಪೆಟ್ಟಿಗೆ ತೂಗು, ಚೀಟಿ ಅಂಟಿಸು, ಆಚೆ ತಳ್ಳು. ಅಷ್ಟೇ.

"ಗಂಟಲಿಗೆ ತುಕ್ಕು ಹಿಡಿದ ಹಾಗಾಗಿದೆ ಕಣೇ," ಎಂದು ಒಂದು ಸಂಜೆ ತಂಗಿಯ ಹತ್ತಿರ ಅಂದಳು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇದ್ದವರು ಅವರಿಬ್ಬರೇ. ಅಪ್ಪ ಅಮ್ಮ ಬೇಗ ಹೋದರು. ತಂಗಿಯನ್ನು ಶಾಲೆಗೆ ಕಳಿಸಿದ್ದು, ಹೊಲಿಗೆ ಕಲಿಸಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿ ಕೂತದ್ದು ಎಲ್ಲ ಅಕ್ಕನೇ. ಇಬ್ಬರಿಗೂ ಮದುವೆಯ ಮಾತು ಆಗಾಗ ಬಂದು ಹೋಗುತ್ತಿತ್ತು. ಒಬ್ಬಳಿಗೆ ಹೊಂದಿದ್ದು ಇನ್ನೊಬ್ಬಳನ್ನು ಒಂಟಿ ಮಾಡುತ್ತಿತ್ತು. ಹಾಗಾಗಿ ಮಾತು ಅಲ್ಲೇ ಬಿಟ್ಟುಹೋಯಿತು. ತಂಗಿ ಮುಂದಿನ ಕೋಣೆಯಲ್ಲಿ ಕೂತು ಕಚೇರಿಗಳಿಗೂ ಮನೆಗಳಿಗೂ ಕಿಟಕಿ ಪರದೆ ಹೊಲಿಯುತ್ತಿದ್ದಳು. ಕಣ್ಣು ಕಾಣದವರ ಗ್ರಂಥಾಲಯದಲ್ಲಿ ಪುಸ್ತಕ ಓದಿ ರೆಕಾರ್ಡ್ ಮಾಡುವವರು ಬೇಕಾಗಿದ್ದಾರೆ ಎಂದು ಪರದೆಯ ಅಳತೆಗೆ ಹೋದಾಗ ಕೇಳಿಕೊಂಡು ಬಂದವಳೂ ಅವಳೇ.

"ನಿನ್ನ ದನಿ ಸುಮ್ಮನೆ ಪೆಟ್ಟಿಗೆ ತೂಗ್ತಾ ಕೂತಿದೆ. ಹೋಗಿ ಓದು," ಅಂದಳು.

ಹೀಗೆ ಮೈಕಮ್ಮ ರಜೆಯ ದಿನಗಳಲ್ಲಿ ಗ್ರಂಥಾಲಯಕ್ಕೆ ಹೋಗತೊಡಗಿದಳು. ಹಿಂಭಾಗದ ಒಂದು ಸಣ್ಣ ಕೋಣೆಯ ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು. ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ಗಾಜಿನ ಬಳೆ ತೆಗೆದಿಟ್ಟು ಬರಬೇಕು. ಹಸಿದುಕೊಂಡು ಕೂತರೆ ಹೊಟ್ಟೆಯ ಗುರುಗುರು ಸಹ ಕೇಳುತ್ತದೆ. ಗಾಜಿನ ಆಚೆ ರೇಡಿಯೋ ರಿಪೇರಿ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ತಪ್ಪಾದರೆ ಕೈ ಎತ್ತುತ್ತಿದ್ದರು. ಮಾತು ಇಬ್ಬರಿಗೂ ಅಷ್ಟಕ್ಕಷ್ಟೇ.

ಅವಳು ಮೊದಲು ಓದಿದ್ದು ಆರೋಗ್ಯದ ಪುಸ್ತಕ, ಆಮೇಲೆ ಒಂದು ಪ್ರವಾಸ ಕಥನ. ಮೂರನೆಯದಾಗಿ ಗ್ರಂಥಪಾಲಕಿ ಒಂದು ದಪ್ಪ ಪ್ರೇಮ ಕಾದಂಬರಿ ತಂದು ಕೈಗಿಟ್ಟಳು. ದೂರ ಪಶ್ಚಿಮದ ಯಾವುದೋ ಬಯಲುಸೀಮೆಯ ಕಥೆ. ಒಂದೇ ಬೀದಿಯ ಊರು, ಕೆಂಪು ಧೂಳು, ಕುದುರೆಗಳು, ಹೆಂಡದಂಗಡಿ, ಸೊಂಟಕ್ಕೆ ಪಿಸ್ತೂಲು ಕಟ್ಟಿ ಊರು ಕಾಯುವ ಶೆರಿಫ್. ಆ ಊರಿನಲ್ಲಿ ಒಂದು ವಸತಿಗೃಹ. ನಡೆಸುವವಳು ಅಕ್ಕ, ಬಡಿಸುವವಳು ತಂಗಿ. ಊರಿನ ಬ್ಯಾಂಕಿನ ಗುಮಾಸ್ತ ತಂಗಿಯನ್ನು ಮದುವೆಯಾಗಲು ಕಾದಿರುತ್ತಾನೆ. ಅಷ್ಟರಲ್ಲಿ ಕಾಡುಕುದುರೆ ಪಳಗಿಸುವ, ಒಂದು ಕಾಲು ಕುಂಟುವ ಒಬ್ಬ ಮನುಷ್ಯ ಬಂದಿಳಿಯುತ್ತಾನೆ. ಮುಂದೇನಾಗುತ್ತದೆ ಎಂದು ಓದುವವರಿಗೆಲ್ಲ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ತಂಗಿಗೆ ಮಾತ್ರ ಗೊತ್ತಾಗಲು ಮುನ್ನೂರು ಪುಟ ಬೇಕು.

"ಇದನ್ನೆಲ್ಲ ಯಾರು ಕೇಳ್ತಾರೆ?" ಎಂದು ಮೈಕಮ್ಮ ಮೂಗು ಮುರಿದಳು.

"ಎಲ್ಲರೂ ಇದನ್ನೇ ಕೇಳೋದು," ಅಂದಳು ಗ್ರಂಥಪಾಲಕಿ.

ಮೈಕಮ್ಮ ಆ ಪುಸ್ತಕ ಓದುತ್ತಿದ್ದ ದಿನಗಳಲ್ಲೇ ಪಾರ್ಸೆಲ್ ಕೌಂಟರಿನ ತೂಕದ ಯಂತ್ರ ಕೆಟ್ಟಿತು. ಸರಿಮಾಡಲು ಪಕ್ಕದ ಊರಿನಿಂದ ಒಬ್ಬ ತಕ್ಕಡಿ ರಿಪೇರಿಯವನು ಬಂದ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿದ್ದ, ಮಾತು ಕಡಿಮೆಯ, ಬೆರಳಿಗೆ ಯಾವಾಗಲೂ ಗ್ರೀಸ್ ಮೆತ್ತಿಕೊಂಡಿರುತ್ತಿದ್ದ ಮನುಷ್ಯ. ತನ್ನ ಅಂಗಡಿಯ ಕಿಟಕಿಗೆ ಪರದೆ ಬೇಕಿತ್ತು ಎಂದು ಅವನು ಮಾತಿಗೆ ಅಂದಾಗ, "ನನ್ನ ತಂಗೀನೇ ಹೊಲೀತಾಳೆ," ಎಂದು ವಿಳಾಸ ಕೊಟ್ಟವಳು ಮೈಕಮ್ಮ. ಒಂದು ಕಿಟಕಿಯ ಪರದೆಗೆ ಅವನು ಅದೆಷ್ಟು ಸಲ ಅಳತೆ ಕೊಡಲು ಬಂದನೋ! ತಂಗಿ ನಲವತ್ತು ದಾಟಿದವಳು, ಅವನು ಬರುವ ದಿನ ಹೊಲಿಗೆ ಯಂತ್ರದ ಮುಂದೆ ಗುನುಗುತ್ತಿದ್ದಳು. ಮಳೆಗಾಲ ಕಳೆಯುವಷ್ಟರಲ್ಲಿ ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಬಂದರು. ಸಾಕ್ಷಿಯ ಜಾಗದಲ್ಲಿ ಮೈಕಮ್ಮನ ಸಹಿ ಬಿತ್ತು.

ತಂಗಿ ಹೊರಟ ದಿನ ಹೊಲಿಗೆ ಯಂತ್ರವನ್ನು ಇಬ್ಬರು ಕೂಲಿಯವರು ಮೆಟ್ಟಿಲಲ್ಲಿ ಅಡ್ಡಡ್ಡ ಇಳಿಸಿದರು. ತಂಗಿ ಬಾಗಿಲಲ್ಲಿ ನಿಂತು, "ಹೋಗ್ಲಾ ಅಕ್ಕಾ?" ಅಂದಳು.

"ಹೋಗು ಹೋಗು. ಗಾಡಿಯವನು ಕಾಯ್ತಿದ್ದಾನೆ," ಅಂದಳು ಮೈಕಮ್ಮ. ಬಸ್ಸು ಹೊರಡುವುದನ್ನು ಹೇಳುತ್ತಿದ್ದ ದನಿಯೇ ಬಾಯಿಗೆ ಬಂದಿತ್ತು.

ಮುಂದಿನ ರಜೆಯ ದಿನ ಕಾದಂಬರಿಯ ಕೊನೆಯ ಅಧ್ಯಾಯ ಓದಬೇಕಿತ್ತು. ಗುಮಾಸ್ತನಿಗೆ ತಂಗಿ ಇಲ್ಲ ಅನ್ನುತ್ತಾಳೆ, ಕುದುರೆಯವನು ಗಾಡಿ ಕಟ್ಟುತ್ತಾನೆ, ಇಬ್ಬರೂ ಬೆಟ್ಟದಾಚೆಯ ಹುಲ್ಲುಗಾವಲಿಗೆ ಹೊರಡುತ್ತಾರೆ. ಸೂರ್ಯಾಸ್ತಕ್ಕೆ ಎರಡು ಪುಟ, ಕುದುರೆಯ ಕೊರಳ ಗಂಟೆಗೆ ಅರ್ಧ ಪುಟ. ಮೈಕಮ್ಮ ಸರಾಗವಾಗಿ ಓದುತ್ತಾ ಬಂದಳು. ಪುಟ ತಿರುವಿದಾಗ ಅವಳ ಕಣ್ಣಿಗೆ ಮುಂದಿನ ಸಾಲು ಬಿತ್ತು. "ಅಕ್ಕ ಬಾಗಿಲಲ್ಲಿ ನಿಂತು ಕೈ ಬೀಸಿದಳು." ಅಷ್ಟೇ. ತಾಯಿಯಂತೆ ಸಾಕಿದವಳಿಗೆ ಅಷ್ಟೇ. ಮುಂದಿನ ಸಾಲಿನಿಂದ ಮತ್ತೆ ಸೂರ್ಯಾಸ್ತ.

ಅವಳ ಬಾಯಿ ತೆರೆಯಲಿಲ್ಲ. ಉಸಿರು ಎಳೆದುಕೊಂಡಳು, ಆದರೂ ಮಾತು ಹೊರಡಲಿಲ್ಲ. ಗಾಜಿನಾಚೆ ಮೇಷ್ಟ್ರು ತಲೆ ಎತ್ತಿ ನೋಡಿದರು. ಕೈ ಎತ್ತಲಿಲ್ಲ. ಒಂದಿಷ್ಟು ಹೊತ್ತಾದ ಮೇಲೆ ಅವಳು ಆ ಸಾಲನ್ನು ಓದಿ, ಅದೇ ಉಸಿರಿನಲ್ಲಿ ಪುಸ್ತಕ ಮುಗಿಸಿದಳು.

"ಆ ಮೌನ ಕತ್ತರಿಸಿಬಿಡಿ ಮೇಷ್ಟ್ರೇ," ಎಂದು ಹೊರಗೆ ಬಂದು ಹೇಳಿದಳು.

"ಆಗಲಿ," ಅಂದರು. ಕತ್ತರಿಸಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಅವರನ್ನು ಯಾರೂ ಕೇಳಲಿಲ್ಲ.

ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಕೇಳುಗರು ಸೇರುವ ರೂಢಿಯಿತ್ತು. ಆ ತಿಂಗಳು ಈ ಕಾದಂಬರಿಯ ಮೇಲೆ ಮಾತು. "ಒಂದ್ಸಲ ಬಂದು ಕೇಳಿ, ಜಗಳಾನೇ ಆಗತ್ತೆ," ಎಂದು ಗ್ರಂಥಪಾಲಕಿ ಕರೆದಳು. ತಂಗಿ ಹೋದ ಮೇಲೆ ರಜೆಯ ದಿನಗಳು ಎಳೆದಷ್ಟೂ ಮುಗಿಯುತ್ತಿರಲಿಲ್ಲ. ಮೈಕಮ್ಮ ಒಪ್ಪಿದಳು, ಒಂದು ಕರಾರಿನ ಮೇಲೆ. ತಾನು ಯಾರೆಂದು ಹೇಳಕೂಡದು.

ಸಭೆಯೆಂದರೆ ಉದ್ದ ಮೇಜಿನ ಸುತ್ತ ಹತ್ತು ಹನ್ನೆರಡು ಜನ, ಚಹಾ, ಬಿಸ್ಕತ್ತು. ಮೈಕಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತಳು. ಹೆಚ್ಚು ಮಾತಾಡಿದವರು ಮೂವರು. ಬೆತ್ತದ ಕುರ್ಚಿ ಹೆಣೆಯುವ ಒಬ್ಬ ಅಜ್ಜ, ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್ ಹುಡುಗಿ, ಪಿಟೀಲು ಕಲಿಸುವ ಒಬ್ಬ ಮೇಡಂ.

"ಗುಮಾಸ್ತನಿಗೇನು ಕಮ್ಮಿಯಾಗಿತ್ತು ಅಂತ?" ಅಜ್ಜ ಶುರುಮಾಡಿದರು. "ಕೈಯಲ್ಲಿ ಕೆಲಸ, ಊರಲ್ಲಿ ಮನೆ. ಅದು ಬಿಟ್ಟು, ಕುದುರೆ ಬಾಲ ಹಿಡ್ಕೊಂಡು ಹೋದಳಲ್ಲ, ಬುದ್ಧಿ ಇದೆಯಾ?"

"ಅಜ್ಜಾ, ಗುಮಾಸ್ತ ಅವಳನ್ನ ಒಂದ್ಸಲನಾದ್ರೂ ನಿನಗೇನು ಬೇಕು ಅಂತ ಕೇಳಿದ್ನಾ?" ಆಪರೇಟರ್ ಹುಡುಗಿಯ ದನಿ ಏರಿತು. "ಕುದುರೆಯವನು ಕೇಳಿದ. ನನಗಂತೂ ಕೊನೇಲಿ ಅಳು ತಡೆಯೋಕಾಗ್ಲಿಲ್ಲ. ಎರಡು ಸಲ ಕೇಳಿದೆ."

"ನಾನೂ ಎರಡು ಸಲ ಕೇಳಿದೆ. ಮೊದಲನೇ ಸಲ ನಿದ್ದೆ ಬಂದಿತ್ತು," ಎಂದರು ಪಿಟೀಲು ಮೇಡಂ. ಎಲ್ಲರೂ ನಕ್ಕರು. "ಇದು ಸಕ್ಕರೆ ಪಾಕ ಕಣಮ್ಮಾ. ಊರಿಲ್ಲ, ಜನ ಇಲ್ಲ, ಬರೀ ಧೂಳು ಮತ್ತೆ ಮುತ್ತು. ಧೂಳು ಮಾತ್ರ ನಿಜ ಅನ್ನಿಸ್ತು."

ಮಾತು ಓದಿದವಳ ಕಡೆ ತಿರುಗಿತು. ಮೈಕಮ್ಮನ ಕಿವಿ ಬಿಸಿಯಾಯಿತು.

"ಕೊನೇಲಿ ಒಂದು ಕಡೆ ಸುಮ್ಮನಾಗಿಬಿಡ್ತಾರೆ, ಗಮನಿಸಿದ್ರಾ?" ಅಂದಳು ಹುಡುಗಿ. "ಪಾಪ, ಅತ್ತಿದ್ದಾರೆ ಅವರು. ನಂಗೆ ಗ್ಯಾರಂಟಿ."

"ಅಳುನೂ ಇಲ್ಲ ಗಿಳುನೂ ಇಲ್ಲ," ಎಂದರು ಅಜ್ಜ. "ಪುಟಕ್ಕೆ ಪುಟ ಅಂಟ್ಕೊಂಡಿರುತ್ತೆ. ಹಳೇ ಪುಸ್ತಕ ಅಲ್ವಾ."

"ನನಗನ್ನಿಸಿದ್ದು ಬೇರೆ," ಅಂದರು ಮೇಡಂ. "ಆಯಮ್ಮನಿಗೆ ಈ ಕಥೆ ಕಂಡ್ರೆ ಮೊದಲಿಂದಲೂ ತಾತ್ಸಾರ. ಕೊನೇಲಿ ನಗು ಬಂದಿದೆ, ತಡ್ಕೊಂಡಿದ್ದಾರೆ."

ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಹೋಗಿಬಂತು. ಗುಮಾಸ್ತನ ಪಕ್ಷ, ಕುದುರೆಯವನ ಪಕ್ಷ ಎಂದು ಮೇಜು ಎರಡಾಯಿತು. ಯಾರೋ ಶೆರಿಫನ ಬಗ್ಗೆ ಕೇಳಿದರು, ಯಾರೋ ಹೆಂಡದಂಗಡಿಯವನೇ ಒಳ್ಳೆಯವನು ಎಂದರು. ವಸತಿಗೃಹ ನಡೆಸುವ ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ. ಮೈಕಮ್ಮ ಕಾದಳು, ಇನ್ನೂ ಕಾದಳು. ಕೊನೆಗೆ ಪಿಟೀಲು ಮೇಡಂ, "ಆ ಅಕ್ಕನ ಪಾತ್ರ ಒಂದು ದಂಡ. ಅಡುಗೆ ಮಾಡೋಕೆ ಒಬ್ಬಳು ಬೇಕಲ್ಲ ಅಂತ ಇಟ್ಟಿದ್ದಾರೆ," ಅಂದರು.

"ಅಡುಗೆ ಮಾಡಿದ್ದಲ್ಲ, ಸಾಕಿದ್ದು ಅವಳು!"

ಮಾತು ಹೊರಬಿದ್ದ ಮೇಲೆ ಮೈಕಮ್ಮ ನಾಲಿಗೆ ಕಚ್ಚಿಕೊಂಡಳು. ಮೇಜಿನ ಸುತ್ತ ಕಪ್ಪು-ಬಸಿಗಳ ಸದ್ದು ಸಹ ನಿಂತಿತು. ಮುನ್ನೂರು ಪುಟ ತಮ್ಮ ಕಿವಿಯಲ್ಲಿ ಓದಿದ ದನಿಯನ್ನು ಅವರು ಗುರುತು ಹಿಡಿಯದೆ ಇರುತ್ತಾರೆಯೇ?

"ಅಯ್ಯೋ ನಿಮ್ಮ! ಇಷ್ಟೊತ್ತೂ ಇಲ್ಲೇ ಕೂತಿದ್ರಾ?" ಅಜ್ಜ ಜೋರಾಗಿ ನಕ್ಕರು. ಪಿಟೀಲು ಮೇಡಂ, "ನಾನು ಅಂದದ್ದು ತಪ್ಪು ತಿಳೀಬೇಡಿ," ಎಂದು ತಡವರಿಸಿದರು. ಆಪರೇಟರ್ ಹುಡುಗಿ ಮಾತ್ರ ದನಿ ಬಂದ ಕಡೆಗೆ ಮುಖ ತಿರುಗಿಸಿ, ಮೆಲ್ಲಗೆ ಕೇಳಿದಳು. "ಮೇಡಂ, ಅಲ್ಲಿ ಯಾಕೆ ನಿಲ್ಲಿಸಿದ್ರಿ? ಅತ್ರಿ ಅಲ್ವಾ?"

ಎಲ್ಲರೂ ಕಾಯುತ್ತಿದ್ದರು. ನಿಜ ಹೇಳಿಬಿಡಬಹುದಾಗಿತ್ತು. ಹೇಳಿದ್ದರೆ ಬಹುಶಃ ಯಾರಾದರೂ ಕೈ ಹಿಡಿದುಕೊಳ್ಳುತ್ತಿದ್ದರು. ಮೈಕಮ್ಮನಿಗೆ ಅದೇ ಭಯವಾಯಿತು.

"ಪುಟ ಅಂಟ್ಕೊಂಡಿತ್ತು," ಅಂದಳು.

"ನಾನು ಹೇಳ್ಲಿಲ್ವಾ!" ಅಜ್ಜ ಮೇಜು ಕುಟ್ಟಿದರು. ಹುಡುಗಿ, "ಓ," ಅಂದಳು. ಅವಳ ಕಣ್ಣೀರಿಗೆ ಅಪಮಾನವಾದಂತಿತ್ತು. ಮೈಕಮ್ಮ ಚಹಾ ಕುಡಿಯದೆ ಎದ್ದು ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇದ್ದ ಕಡೆ ನೆಲ ಬೇರೆ ಬಣ್ಣವಾಗಿತ್ತು. ಅವಳು ಅಲ್ಲಿ ಒಂದು ಸ್ಟೂಲ್ ತಂದಿಟ್ಟಳು. ಅಂದವಾಗಿ ಕಾಣಲಿಲ್ಲ, ಆದರೂ ಬಿಟ್ಟಳು.

ತಂಗಿ ಆ ರೆಕಾರ್ಡಿಂಗಿನ ಒಂದು ಪ್ರತಿಯನ್ನು ಗ್ರಂಥಾಲಯದಿಂದ ಕೇಳಿ ತರಿಸಿಕೊಂಡಿದ್ದಳು. ಹೊಲಿಯುತ್ತಾ ದಿನಕ್ಕಿಷ್ಟು ಕೇಳುತ್ತಿದ್ದಳಂತೆ. ವಾರದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಅವರ ಫೋನ್ ಮಾತು ಅಲ್ಲಿಯ ತನಕ ಊಟ ಆಯ್ತಾ, ನೀರು ಬಂತಾ ಅನ್ನುವುದರಾಚೆ ಹೋಗಿರಲಿಲ್ಲ.

"ಅಕ್ಕಾ, ಪುಸ್ತಕ ಮುಗೀತು."

"ಹೆಂಗಿತ್ತು?"

"ಕಥೆ ಚೆನ್ನಾಗಿದೆ. ಅಕ್ಕನ ಮೇಲೆ ಮಾತ್ರ ಸಿಟ್ಟು ಬಂತು."

ಮೈಕಮ್ಮನಿಗೆ ತನ್ನ ಕಿವಿ ನಂಬಲಾಗಲಿಲ್ಲ. "ಅವಳ ಮೇಲ್ಯಾಕೆ? ಅವಳೇನು ಮಾಡಿದ್ಲು?"

"ಏನೂ ಮಾಡ್ಲಿಲ್ಲ, ಅದಕ್ಕೇ. ತಂಗಿ ಅಷ್ಟು ದೂರ ಹೊರಟಿದ್ದಾಳೆ, ಇವಳು ಬಾಗಿಲಲ್ಲೇ ನಿಂತು ಕೈ ಬೀಸ್ತಾಳಂತೆ. ನಾಲ್ಕು ಹೆಜ್ಜೆ ಗಾಡಿ ಹತ್ರ ಬರೋಕಾಗಲ್ವಾ? ಪೀಡೆ ತೊಲಗಿತು ಅನ್ನೋ ಹಂಗೆ."

ಕೆಳಗೆ ಸೈಕಲ್ ಅಂಗಡಿಯವನು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಮೈಕಮ್ಮ ಕಿಟಕಿ ಮುಚ್ಚಿದಳು.

"ಹಂಗಂತ ಬರೆದಿಲ್ವಲ್ಲ," ಅಂದಳು. "ಕೈ ಬೀಸಿದಳು ಅಂತಷ್ಟೇ ಇದೆ."

"ನೀನು ಓದಿದ ರೀತಿ ಹಂಗಿತ್ತು. ಅದಕ್ಕೆ ಮುಂಚೆ ಎಷ್ಟೋ ಹೊತ್ತು ಸುಮ್ಮನಿದ್ದೆ. ನಾನು ಮಿಷನ್ ನಿಲ್ಲಿಸಿ ಕೂತೆ. ಇನ್ನೂ ನನ್ನ ಮೇಲೆ ಸಿಟ್ಟೇ ಇದೆ ಇವಳಿಗೆ ಅನ್ನಿಸ್ತು." ತಂಗಿಯ ದನಿ ಒಡೆಯಿತು. "ಅವತ್ತು ನೀನು ಕೆಳಗೂ ಇಳಿದು ಬರ್ಲಿಲ್ಲ ಅಕ್ಕಾ."

"ಮೊಣಕಾಲು ನೋವು..."

"ಮೊಣಕಾಲು ಅನ್ನಬೇಡ. ಬೆಳಗ್ಗೆಯಿಂದ ಗಂಟು ಮೂಟೆ ಎಲ್ಲ ನೀನೇ ಇಳಿಸಿದ್ದೆ."

ಹೌದು, ಅವಳೇ ಇಳಿಸಿದ್ದಳು. ಮೈಕಮ್ಮ ಮಂಚದ ತುದಿಯಲ್ಲಿ ಕೂತಳು. ಇಷ್ಟು ದಿನ ಅವಳಿಗೆ ನೆನಪಿದ್ದದ್ದು ತಾನು ಒಬ್ಬಳೇ ಉಳಿದದ್ದು ಮಾತ್ರ. ಗಾಡಿಯಲ್ಲಿ ಕೂತು ಮೇಲೆ ನೋಡುತ್ತಿದ್ದವಳ ಕಣ್ಣಿಗೆ ಏನು ಕಂಡಿತು ಎಂದು ಯೋಚಿಸಿರಲೇ ಇಲ್ಲ.

"ಕೆಳಗೆ ಬಂದಿದ್ರೆ ನಿನ್ನ ಗಾಡಿ ಹತ್ತೋಕೆ ಬಿಡ್ತಿರ್ಲಿಲ್ಲ ಕಣೇ," ಅಂದಳು.

"ಇರು ಅಂದಿದ್ರೆ ಇರ್ತಿದ್ದೆ," ಅಂದಳು ತಂಗಿ.

"ಗೊತ್ತು."

"ಇದ್ದು, ಬದುಕಿಡೀ ನಿನ್ನ ಮೇಲೆ ಹಲ್ಲು ಕಡೀತಿದ್ದೆ."

"ಅದೂ ಗೊತ್ತು."

ಇಬ್ಬರೂ ಒಟ್ಟಿಗೆ ನಕ್ಕರು, ಮೂಗು ಒರೆಸಿಕೊಂಡರು. "ರಜೆ ಹಾಕಿ ಬಾ. ಒಂದು ವಾರ ಇದ್ದು ಹೋಗು," ಎಂದು ತಂಗಿ ಹಟ ಹಿಡಿದಳು.

ಮೈಕಮ್ಮ ಹೋದಳು. ತಂಗಿಯ ಮನೆ ತಕ್ಕಡಿ ಅಂಗಡಿಯ ಹಿಂದೆ. ನಡುಮನೆಯಲ್ಲೂ ತಟ್ಟೆಗಳು, ಸರಪಳಿಗಳು, ಬಟಾಣಿಯಷ್ಟು ಚಿಕ್ಕದರಿಂದ ಹಿಡಿದು ಎತ್ತಲಾಗದ ತೂಕದ ಕಲ್ಲುಗಳ ತನಕ. ಕಿಟಕಿಗಳಿಗೆಲ್ಲ ಹಸಿರು ಪರದೆ. ಅಕ್ಕನಿಗೆಂದು ಸಣ್ಣ ಕೋಣೆಯೊಂದನ್ನು ಖಾಲಿ ಮಾಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ ಇಟ್ಟಿದ್ದರು. ತಂಗಿ ಸ್ವಲ್ಪ ದಪ್ಪಗಾಗಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು.

ಊಟಕ್ಕೆ ಕೂತಾಗ ತಂಗಿಯ ಗಂಡ ಬಹಳ ಹೊತ್ತು ಅನ್ನ ಕಲಸುತ್ತಾ ಇದ್ದು, "ಆ ಪುಸ್ತಕ ನಾನೂ ಕೇಳಿದೆ, ಅಕ್ಕಾವ್ರೇ," ಅಂದ.

"ಹೌದಾ? ನಿಮಗೇನನ್ನಿಸ್ತು?"

"ನಂಗೆ ಅಷ್ಟೆಲ್ಲ ತಿಳಿಯಲ್ಲ. ಆದ್ರೆ ಆ ಕುದುರೆಯವನದು ತಪ್ಪು. ಅಷ್ಟು ದೊಡ್ಡ ಗಾಡಿ ಕಟ್ಟಿದ್ನಲ್ಲ, ಅಕ್ಕನ್ನೂ ಹತ್ತಿಸ್ಕೋಬೇಕಿತ್ತು." ತಟ್ಟೆಯಿಂದ ಕಣ್ಣೆತ್ತದೆ ಮುಂದುವರಿಸಿದ. "ಇಲ್ಲಿ ಜಾಗಕ್ಕೇನು ಕಮ್ಮಿ ಇಲ್ಲ. ಯೋಚನೆ ಮಾಡಿ."

ಮೈಕಮ್ಮ ಕೈಯ ತುತ್ತನ್ನು ತಟ್ಟೆಗೆ ಇಳಿಸಿದಳು. "ಅವಳ ವಸತಿಗೃಹ ಯಾರು ನೋಡ್ಕೋತಾರೆ ಮತ್ತೆ?" ಎಂದು ನಗೆಯಾಡಿ ನೀರು ಕುಡಿದಳು. ಅವನು ಒಳ್ಳೆಯವನು ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅದನ್ನು ಒಪ್ಪಿಕೊಂಡದ್ದು ಮಾತ್ರ ಈಗ.

ಮರುದಿನ ಅವಳು ಪಾತ್ರೆ ತೊಳೆಯಲು ಹೋದರೆ ತಂಗಿ ಬಿಡಲಿಲ್ಲ. ಪರದೆಗೆ ಕೊಕ್ಕೆ ಹಾಕಿಕೊಡಲು ಕೂತರೆ, "ಅದು ಅವರೇ ಹಾಕ್ತಾರೆ, ನೀನು ಆರಾಮಾಗಿರು," ಅಂದಳು. ಗಂಡ ಕೇಳುವ ಮೊದಲೇ ತಂಗಿ ಅರ್ಧ ಲೋಟ ಚಹಾ ತಂದಿಡುತ್ತಿದ್ದಳು. ಅವನು ಒಳಗೆ ಬಂದು, "ಐದು ಗ್ರಾಂ," ಎಂದರೆ ಸಾಕು, ಅವಳು ಬಿದ್ದು ಬಿದ್ದು ನಗುತ್ತಿದ್ದಳು. "ಏನೇ ಅದು?" ಎಂದು ಮೈಕಮ್ಮ ಕೇಳಿದಳು. ಐದು ಗ್ರಾಮಿನ ಕಲ್ಲು ಕಳೆದುಹೋದ, ಯಾರೋ ಗಿರಾಕಿ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹುಡುಕಿದ ಕಥೆಯನ್ನು ತಂಗಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಮೈಕಮ್ಮ ನಕ್ಕಳು. ಸಂಜೆಯಾಗುವಾಗ, ಕೌಂಟರಿನಲ್ಲಿ ಯಾರೂ ಇಲ್ಲವೆಂದು ನೆಪ ತೆಗೆದು ಚೀಲ ಕಟ್ಟಿದಳು.

"ವಾರ ಇರ್ತೀಯ ಅಂದ್ಕೊಂಡಿದ್ದೆ," ಎಂದು ತಂಗಿ ಮುಖ ಸಣ್ಣ ಮಾಡಿದಳು. ಆದರೆ ಬೇಡ, ಇರು ಎಂದು ಕೈ ಹಿಡಿದು ಎಳೆಯಲಿಲ್ಲ. ಮೈಕಮ್ಮ ಅದನ್ನೂ ಗಮನಿಸಿದಳು. ಅದಕ್ಕಾಗಿ ಅವಳ ಮೇಲೆ ಸಿಟ್ಟು ಬರಲಿಲ್ಲ.

ಊರಿಗೆ ಬಂದಿಳಿದಾಗ ನಿಲ್ದಾಣದಲ್ಲಿ ಯಂತ್ರ ಯಾವುದೋ ಬಸ್ಸಿನ ಹೆಸರನ್ನು ತಪ್ಪಾಗಿ ಹೇಳುತ್ತಿತ್ತು. ಕೇಳಿ ಬೈದುಕೊಳ್ಳುವವರೂ ಇರಲಿಲ್ಲ. ಮನೆಯ ಕೆಳಗೆ ಸೈಕಲ್ ಅಂಗಡಿಯವನು, "ತಂಗಿ ಹೆಂಗಿದ್ದಾರೆ?" ಎಂದು ಕೇಳಿದ. "ಚೆನ್ನಾಗಿದ್ದಾಳೆ," ಅಂದಳು. ನಿಜವನ್ನೇ ಹೇಳಿದಳು, ಹೇಳುವಾಗ ದನಿಯೂ ನೆಟ್ಟಗಿತ್ತು. ಮೇಲೆ ಹೋಗಿ ಕಿಟಕಿ ತೆರೆದು, ಮುಗ್ಗಲು ವಾಸನೆ ಹೋಗುವ ತನಕ ಸುಮ್ಮನೆ ನಿಂತಳು.

ಮುಂದಿನ ತಿಂಗಳು ಕೇಳುಗರ ಸಭೆಗೆ ಅವಳು ಯಾರೂ ಕರೆಯದೆಯೇ ಹೋದಳು. ಈ ಸಲ ಒಂದು ಪತ್ತೇದಾರಿ ಕಾದಂಬರಿ, ಓದಿದವರು ಬೇರೆ ಯಾರೋ. ಆಪರೇಟರ್ ಹುಡುಗಿ ಬಂದಿರಲಿಲ್ಲ. ಪಾಳಿ ಬದಲಾಗಿದೆಯಂತೆ, ಇನ್ನು ಬರುವುದು ಕಷ್ಟ ಎಂದು ಗ್ರಂಥಪಾಲಕಿ ಹೇಳಿದಳು. ಪುಟ ಅಂಟಿಕೊಂಡಿರಲಿಲ್ಲ ಎಂದು ಆ ಹುಡುಗಿಗೆ ಹೇಳಲು ಮೈಕಮ್ಮ ಒಂದು ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅದು ಹಾಗೇ ಉಳಿಯಿತು.

ಸಭೆ ಮುಗಿದ ಮೇಲೆ ಕುರ್ಚಿ ಅಜ್ಜನನ್ನು ಬಸ್ಸಿನ ತನಕ ಬಿಟ್ಟು ಬರಲು ಜೊತೆಗೆ ನಡೆದಳು. ಕೊಲೆ ಮಾಡಿದವನು ತೋಟದ ಮಾಲಿ ಎಂದು ತನಗೆ ಮೊದಲೇ ಗೊತ್ತಿತ್ತು ಎಂದು ಅಜ್ಜ ಬೀಗುತ್ತಿದ್ದರು.

"ಸುಳ್ಳು ಹೇಳ್ಬೇಡಿ ಅಜ್ಜಾ, ನೀವು ವೈದ್ಯರ ಮೇಲೆ ಅನುಮಾನ ಪಟ್ಟಿದ್ರಿ. ಅಲ್ಲೇ ಇದ್ದೆ ನಾನು."

"ವೈದ್ಯರೂ ಸೇರಿದ್ರು ಅಂತ ಅಂದೆ ಅಮ್ಮಾ!"

"ಹಂಗೆಲ್ಲಿ ಅಂದ್ರಿ?"

ದಾರಿಯುದ್ದಕ್ಕೂ ವಾದ ಮಾಡುತ್ತಾ ಹೋದರು. ಬಸ್ಸು ಬಂದಿತು. ಮೆಟ್ಟಿಲು ಹತ್ತಿದ ಮೇಲೂ ಅಜ್ಜ ಏನೋ ಹೇಳುತ್ತಲೇ ಇದ್ದರು, ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅಜ್ಜನಿಗೆ ಕೊಡಬೇಕಾಗಿದ್ದ ಒಂದು ಒಳ್ಳೆಯ ಉತ್ತರ ಆಗ ಹೊಳೆಯಿತು. ಮೈಕಮ್ಮ ಅದನ್ನು ಮೆಲ್ಲಗೆ ಬಾಯಲ್ಲೇ ಅಂದುಕೊಳ್ಳುತ್ತಾ, ದೂರದ ದಾರಿ ಹಿಡಿದು ಮನೆಗೆ ಹೊರಟಳು.